ಸಹಧರ್ಮಿಣೀ-ಗುಪ್ತಾಯುಧ-ಮೀಮಾಂಸೆ: ಯಮಕನಮರಡಿ ಪರಿಸರವನ್ನು ಅನುಲಕ್ಷಿಸಿ

1. ಪ್ರಸ್ತಾವನೆ. 'ಹೆಂಡತಿಗೆ ಒಂದು ಪಿಸ್ತೂಲು ಕೊಡಿಸಬೇಕು' ಎಂದು ಚಹಾದಂಗಡಿಯಲ್ಲಿ ಕೂತು ಹೇಳುವ ಮಾತನ್ನು ಶಾಸ್ತ್ರಸಮ್ಮತವಾಗಿ ಹೇಳಿದರೆ ಅದು 'ದಾಂಪತ್ಯಾಂತರ್ಗತ ಗುಪ್ತಧಾರಣಯೋಗ್ಯ ಹ್ರಸ್ವನಾಳಾಗ್ನ್ಯಸ್ತ್ರ ವರಣಪ್ರಕ್ರಿಯೆ' ಆಗುತ್ತದೆ. ಎರಡರ ಅರ್ಥವೂ ಒಂದೇ. ಆದರೆ ಮೊದಲನೆಯದನ್ನು ಹೇಳಿದವನಿಗೆ ಚಹಾದ ಬಿಲ್ಲು ಬರುತ್ತದೆ. ಎರಡನೆಯದನ್ನು ಹೇಳಿದವನಿಗೆ ರಾಷ್ಟ್ರೀಯ ವಿಚಾರಸಂಕಿರಣದಲ್ಲಿ ಇಪ್ಪತ್ತು ನಿಮಿಷ, ಪ್ಲಾಸ್ಟಿಕ್ ಫೈಲು, ಬಾಲ್‌ಪೆನ್ನು, ಊಟದ ಕೂಪನ್ನು ಮತ್ತು ಸಂಜೆ ನಾಲ್ಕಕ್ಕೆ ಸರ್ಟಿಫಿಕೇಟು ಸಿಗುತ್ತವೆ. ಪ್ರಬಂಧಕಾರರು ಇಂಥ ಹನ್ನೊಂದು ಸಂಕಿರಣಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬಂದವರು. ಪ್ರತಿಯೊಂದರಲ್ಲೂ ಯಾರೋ ಒಬ್ಬರು 'ಮಹಿಳಾ ಸಬಲೀಕರಣ: ಸವಾಲುಗಳು ಮತ್ತು ಸಾಧ್ಯತೆಗಳು' ಎಂಬ ಪ್ರಬಂಧವನ್ನು ಓದಿದರು. ಓದಿದವರು ಪ್ರತಿಸಲವೂ ಗಂಡಸರೇ.

1.1 ವ್ಯಾಪ್ತಿ ಮತ್ತು ಮಿತಿ. ಅಧ್ಯಯನದ ಭೌಗೋಳಿಕ ವ್ಯಾಪ್ತಿ ಹುಕ್ಕೇರಿ ತಾಲೂಕಿನ ಯಮಕನಮರಡಿ. ಒಂದು ಕಡೆ ಪುಣೆ–ಬೆಂಗಳೂರು ಹೆದ್ದಾರಿ ಹಾಗೂ ಹತ್ತರಗಿ ಟೋಲ್ ನಾಕಾ, ಇನ್ನೊಂದು ಕಡೆ ಹಿಡಕಲ್ ಜಲಾಶಯದ ಹಿನ್ನೀರು, ನಡುವೆ ಪ್ರಬಂಧಕಾರರ ಅಡುಗೆಮನೆ. ಮಿತಿ: ಸಹಧರ್ಮಿಣಿಯನ್ನು ಈವರೆಗೆ ಕೇಳಿಲ್ಲ. ಕೇಳಿದರೆ ಅಧ್ಯಯನದ ವಸ್ತುನಿಷ್ಠತೆಗೆ ಧಕ್ಕೆ ಬರುತ್ತದೆ.

2. ಪೂರ್ವಾಧ್ಯಯನ ಸಮೀಕ್ಷೆ. ಅಮೆರಿಕದಲ್ಲಿ ಈ ಶಾಸ್ತ್ರ ಬಹಳ ಬೆಳೆದಿದೆ. ಅಲ್ಲಿನ ಗಂಡ ಅಂಗಡಿಗೆ ಹೋಗಿ, ಹೆಂಡತಿಯ ಕೈ ಚಿಕ್ಕದು ಎಂಬ ಒಂದೇ ಆಧಾರದ ಮೇಲೆ ಅತಿ ಚಿಕ್ಕ, ಅತಿ ಹಗುರ ರಿವಾಲ್ವರನ್ನು ಆರಿಸುತ್ತಾನೆ. ಸಾಧ್ಯವಾದರೆ ಗುಲಾಬಿ ಬಣ್ಣದ್ದು. ಆಯುಧ ಹಗುರಾದಷ್ಟೂ ಗುಂಡು ಹಾರಿದಾಗ ಕೈಗೆ ಬೀಳುವ ಒದೆತ ಜೋರು, ನಳಿಗೆ ಗಿಡ್ಡಾದಷ್ಟೂ ಗುರಿ ತಪ್ಪುವುದು ಸುಲಭ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಆಕೆ ಒಂದು ಸಲ ಹಾರಿಸಿ, ಅಂಗೈ ಉರಿಸಿಕೊಂಡು, ಅದನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾಳೆ. ತಾನು ಬಳಸುವ ಆಯುಧವನ್ನು ತಾನೇ ಹಿಡಿದು, ಹಾರಿಸಿ ನೋಡಿ ಆರಿಸಬೇಕು ಎಂದು ಬಂದೂಕು ಕಲಿಸುವವರು ಹೇಳುತ್ತಲೇ ಇರುತ್ತಾರೆ. ಅದನ್ನು ಒಪ್ಪಿದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಒಪ್ಪಲಾಗಿಲ್ಲ.

ಅಲ್ಲಿ ಮನೆಮಾತಾಗಿರುವ 9 ಎಂಎಂ ಪಿಸ್ತೂಲು ನಮ್ಮಲ್ಲಿ ಸಾಮಾನ್ಯ ನಾಗರಿಕನಿಗೆ ನಿಷಿದ್ಧ ಬೋರಿನದು. .38, .45 ಕೂಡ ಹಾಗೆಯೇ. ಮುಖ್ಯವಾಗಿ ಉಳಿದದ್ದು .32 ಮತ್ತು .22. ವಿದೇಶಿ ಸಿದ್ಧಾಂತದ ಮುಕ್ಕಾಲು ಭಾಗ ಇಲ್ಲಿ ಸಮುದ್ರದಾಚೆಗೇ ಉಳಿಯಿತು. ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ಇದನ್ನು ಹೇಗೆ ನೋಡಬೇಕೆಂದು ಒಂದು ಪ್ಯಾರಾ ಬರೆಯಬಹುದಿತ್ತು. ಪ್ರಬಂಧಕಾರರಿಗೆ ಆ ಶಬ್ದ ಕಂಡರೇ ತಲೆನೋವು.

ದೇಶೀ ಪರಂಪರೆಯನ್ನು ನೋಡಿದರೆ ಬೆಳಗಾವಿ ಸೀಮೆಯ ಹೆಣ್ಣುಮಕ್ಕಳಿಗೆ ಆಯುಧ ಹೊಸದಲ್ಲ. ಹೆಂಗಸರ ಪಡೆ ಕಟ್ಟಿ ಶಿವಾಜಿಯ ಸೈನ್ಯವನ್ನು ಎದುರಿಸಿದ ಬೆಳವಡಿ ಮಲ್ಲಮ್ಮ ಈ ನೆಲದವಳು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ, ಚೆನ್ನಮ್ಮನ ಹುಕುಮಿಗೆ. ಗಮನಿಸಬೇಕಾದ ಅಂಶವೆಂದರೆ ಇವರಿಬ್ಬರೂ ಆಯುಧವನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಅವರ ಆಯುಧವನ್ನು ಗಂಡ ಆರಿಸಿಕೊಟ್ಟನೆಂಬುದಕ್ಕೂ ಆಧಾರವಿಲ್ಲ.

ಮುಧೋಳ ತಾಲೂಕಿನ ಹಲಗಲಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಹತಾರ ಒಪ್ಪಿಸಿ ಎಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಆ ಘಟನೆಯ ಮೇಲೆ ಹುಟ್ಟಿದ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಬರೆದಿಟ್ಟ. 1878ರಲ್ಲಿ ಇಡೀ ದೇಶಕ್ಕೆ ಆಯುಧ ಕಾಯ್ದೆ ಬಂತು, ಈಗಿರುವುದು 1959ರದು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ, 2029ರವರೆಗೆ ಮುಂದುವರಿದಿದೆ. ಆದರೆ ಆ ವಿನಾಯಿತಿ ಯಮಕನಮರಡಿಗಲ್ಲ.

3. ಆಕರ ಸಾಮಗ್ರಿ. 2012ರ ಡಿಸೆಂಬರಿನ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗಾಗಿಯೇ 'ನಿರ್ಭೀಕ್' ಎಂಬ .32 ರಿವಾಲ್ವರ್ ಹೊರತಂದಿತು. ತೂಕ 500 ಗ್ರಾಂ, ಟೈಟಾನಿಯಂ ಮಿಶ್ರಲೋಹ, ಆಗಿನ ಬೆಲೆ 1,22,360 ರೂಪಾಯಿ. ಒಡವೆ ಇಡುವಂಥ ಮರೂನ್ ಬಣ್ಣದ ಪೆಟ್ಟಿಗೆಯಲ್ಲಿ ಇಟ್ಟು ಕೊಡುತ್ತಿದ್ದರು. ದೇಶದ ಹೆಣ್ಣುಮಕ್ಕಳಿಗೆ ಏನು ಬೇಕು ಎಂದು ಯಾರೋ ಒಂದು ಸಭೆಯಲ್ಲಿ ಕೂತು ಯೋಚಿಸಿರಬೇಕು: ಗುಂಡು ಹಾರಬೇಕು, ಆದರೆ ಪೆಟ್ಟಿಗೆ ನೆಕ್ಲೇಸಿನದ್ದಾಗಿರಬೇಕು.

ತೂಕ ಸ್ಥಳೀಯರಿಗೆ ಅರ್ಥವಾಗಬೇಕೆಂದರೆ ಗೋಕಾಕದ ಕರದಂಟಿನ ಅರ್ಧ ಕಿಲೋ ಡಬ್ಬಿಯನ್ನು ಕೈಯಲ್ಲಿ ಹಿಡಿಯಬೇಕು. ಬೆಲೆ ಅರ್ಥವಾಗಬೇಕೆಂದರೆ ಕಬ್ಬಿನ ಲೆಕ್ಕಕ್ಕೆ ಬರಬೇಕು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ರಸ್ತೆಯಲ್ಲೇ ಕೂತರು, ಕೊನೆಗೆ ಸರ್ಕಾರ 3,300 ಎಂದಿತು. ಆ ದರದಲ್ಲಿ ಒಂದು ನಿರ್ಭೀಕ್ ಎಂದರೆ 37 ಟನ್ ಕಬ್ಬು, ಹೆಚ್ಚುಕಡಿಮೆ ಒಂದು ಎಕರೆಯ ಇಡೀ ವರ್ಷದ ಬೆಳೆ. ಗೊಬ್ಬರ, ಕಡಿತದ ಕೂಲಿ, ಸಾಗಾಟ ಇನ್ನೂ ಕಳೆದಿಲ್ಲ. ಅಷ್ಟು ಹಣ ಕೈಯಲ್ಲಿದ್ದ ಹೆಂಗಸು ಮೊದಲು ಪಿಸ್ತೂಲು ಕೊಳ್ಳುತ್ತಾಳೆ ಎಂದು ನಂಬುವವರು ನಮ್ಮ ಊರಿನ ಹೆಂಗಸರನ್ನು ನೋಡಿಯೇ ಇಲ್ಲ.

ಇಷ್ಟು ದುಡ್ಡಿಲ್ಲದವರಿಗೆ ಇಶಾಪುರದ ಕಾರ್ಖಾನೆಯ 'ನಿಡರ್' ಇದೆ, .22 ಬೋರು, 250 ಗ್ರಾಂ. 2023ರಲ್ಲಿ ಕಾನ್ಪುರದಿಂದಲೇ 'ಪ್ರಬಲ್' ಬಂತು, 50 ಮೀಟರ್ ದೂರ ಹೊಡೆಯುತ್ತದಂತೆ. ನಿರ್ಭೀಕ್, ನಿಡರ್, ಪ್ರಬಲ್. ಎಲ್ಲವೂ ಹೆಂಗಸಿನ ಎದೆಗಾರಿಕೆಯನ್ನು ಹೊಗಳುವ ಹೆಸರುಗಳೇ. ಮಿಕ್ಕವರ ನಡತೆಯನ್ನು ಸೂಚಿಸುವ ಹೆಸರಿನ ಸರ್ಕಾರಿ ಉತ್ಪನ್ನ ಇನ್ನೂ ಬಂದಿಲ್ಲ.

4. ವರ್ಗೀಕರಣ. ಗುಪ್ತಧಾರಣ ಸ್ಥಾನಗಳು ನಾಲ್ಕು ಬಗೆ: (ಅ) ಕಟಿಗತ, (ಆ) ಉಡಿಗತ, (ಇ) ಚಂಚಿಗತ, (ಈ) ಬುತ್ತಿಗತ.

(ಅ) ಕಟಿಗತ, ಅಂದರೆ ಸೊಂಟದಲ್ಲಿ. ಹೊಲ್ಸ್ಟರನ್ನು ಹೊಲಿಯುವವರು ಪ್ಯಾಂಟು, ಬೆಲ್ಟು ಇದೆಯೆಂದು ಹಿಡಿದು ಹೊಲಿದಿರುತ್ತಾರೆ. ಇಳಕಲ್ ಸೀರೆಗೆ ಬೆಲ್ಟಿಲ್ಲ, ಲಂಗದ ಲಾಡಿ ಇದೆ. ಲಾಡಿಗೆ ಅರ್ಧ ಕಿಲೋ ಕಟ್ಟಿಕೊಂಡು ಬಸ್ಸು ಹತ್ತುವ ಹೆಂಗಸಿನ 'ಸೀರೆ-ಸಾಪೇಕ್ಷ ಗೋಪನಾ ಗುಣಾಂಕ'ವನ್ನು ಪ್ರಬಂಧಕಾರರು ಸೂತ್ರವಾಗಿ ಬರೆದಿದ್ದರು. ನೆರಿಗೆಗಳ ಸಂಖ್ಯೆಯನ್ನು ಆಯುಧದ ತೂಕದಿಂದ ಭಾಗಿಸಬೇಕು. ಉತ್ತರ ಏನು ಬಂತೆಂಬುದು ಮುಖ್ಯವಲ್ಲ, ಸೂತ್ರ ಬಂತಲ್ಲ.

(ಆ) ಉಡಿಗತ. ಉಡಿ ತುಂಬುವುದು ಅಕ್ಕಿ, ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲಿನಿಂದ. ಅದರೊಳಗೆ ಪಿಸ್ತೂಲು ಸೇರಿದರೆ ಸಾಂಸ್ಕೃತಿಕ ಸಂಕಥನದಲ್ಲಿ ಏನಾಗುತ್ತದೆ...

(ಇ), (ಈ) ಬಿಟ್ಟುಬಿಡೋಣ. ಬುತ್ತಿಯಲ್ಲಿ ರೊಟ್ಟಿ ಇರುತ್ತದೆ, ಎಲೆ-ಅಡಿಕೆಯ ಚಂಚಿಯಲ್ಲಿ ಸುಣ್ಣ ಇರುತ್ತದೆ, ಸುಣ್ಣ ತಾಗಿದರೆ ಆಯುಧ ಕೆಡುತ್ತದೆ. ಇಷ್ಟಕ್ಕೆ ಶಾಸ್ತ್ರ ಬೇಕಿಲ್ಲ.

ಈ ಹಂತದಲ್ಲಿ ಸಹಧರ್ಮಿಣಿ ಅಧ್ಯಯನದೊಳಕ್ಕೆ ತಾವಾಗಿಯೇ ಬಂದರು. ಪ್ರಬಂಧಕಾರರು ಮೊಬೈಲಿನಲ್ಲಿ ನಿರ್ಭೀಕ್‌ನ ಚಿತ್ರ ತೋರಿಸಿದರು. ಅವರು ಜೋಳದ ಹಿಟ್ಟು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದರು.

"ಪೆಟಗಿ ಅಷ್ಟ ಸಿಗತೈತೇನ್ರಿ? ನನ್ನ ಬೋರಮಾಳ ಇಡಾಕ ಬೇಕಾಗೇತಿ."

ಪಿಸ್ತೂಲಿನ ಸ್ಲೈಡ್ ಎಳೆಯಲು ಹೆಂಗಸರಿಗೆ ಕೈಬಲ ಸಾಲದು, ಆದ್ದರಿಂದ ರಿವಾಲ್ವರೇ ಮೇಲು ಎಂಬ ವಾದವನ್ನು ಅವರ ಮುಂದಿಡಲಾಯಿತು. ರಿವಾಲ್ವರಿಗೂ ಪ್ರತಿ ಗುಂಡಿಗೆ ಕುದುರೆಯನ್ನು ಬಿಗಿಯಾಗಿ, ಉದ್ದಕ್ಕೆ ಎಳೆಯಬೇಕಾಗುತ್ತದೆ ಎಂಬ ಅಡಿಟಿಪ್ಪಣಿಯನ್ನೂ ಸೇರಿಸಲಾಯಿತು. ಅವರು ಹೊಳ್ಳಿ ಹೋಗಿ ರೊಟ್ಟಿ ಬಡಿಯತೊಡಗಿದರು. ಆ ಸದ್ದು ಬೀದಿಯ ತನಕ ಕೇಳುತ್ತಿತ್ತು. ಕೈಬಲದ ಪ್ರಶ್ನೆಯನ್ನು ಪ್ರಬಂಧಕಾರರು ಅಲ್ಲಿಗೆ ಕೈಬಿಟ್ಟರು. ಅಡುಗೆಮನೆಯ ಮಾಡದಲ್ಲಿ ಸಂಕೇಶ್ವರಿ ಮೆಣಸಿನಕಾಯಿಯ ಖಾರಪುಡಿಯ ಡಬ್ಬಿಯೂ ಇತ್ತು. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ತರಬೇತಿಯೂ ಬೇಕಿಲ್ಲ.

5. ಲೈಸೆನ್ಸ್ ಪ್ರಕರಣ. ಅರ್ಜಿ ನಮೂನೆ ಎ-1 ಹಿಡಿದು ಬೆಳಗಾವಿಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ವಯಸ್ಸು 21 ತುಂಬಿರಬೇಕು. ಠಾಣೆಯಿಂದ ವರದಿ ಬರಬೇಕು. ಆಯುಧ ಸುರಕ್ಷಿತವಾಗಿ ಬಳಸುವ ತರಬೇತಿ ಆಗಿರಬೇಕು. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದು ಎಂದು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಹೊಲದ ಉತಾರದಲ್ಲಿ ಹೆಸರೇ ಇಲ್ಲದ ಹೆಂಗಸರಿಗೆ ಇದು ದೊಡ್ಡ ಸೌಲಭ್ಯ: ಭೂಮಿ ಇಲ್ಲದಿದ್ದರೂ ಬಂದೂಕು ಕೇಳಬಹುದು.

ಸಿಕ್ಕ ಮೇಲೂ ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಆಯುಧವನ್ನು ಠಾಣೆಯಲ್ಲಿ ಜಮಾ ಮಾಡಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. 2024ರ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ 6ರ ತನಕ ನಡೆಯಿತು. ಅಷ್ಟು ದಿನ ಅಪಾಯಗಳೂ ನೀತಿಸಂಹಿತೆ ಪಾಲಿಸುತ್ತವೆ ಎಂಬುದು ಇಲ್ಲಿನ ಗೃಹೀತ.

6. ಲಕ್ಷ್ಯ ನಿರ್ಣಯ. ಯಾವುದೇ ಆಯುಧಶಾಸ್ತ್ರದಲ್ಲಿ ಯಾರಿಗೆ ಹೊಡೆಯಬೇಕು ಎಂಬ ಅಧ್ಯಾಯ ಇರಬೇಕು. ಪ್ರಬಂಧಕಾರರು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿ ತೆರೆದರು. ಹೆಂಗಸರ ಮೇಲಿನ ಅಪರಾಧಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ನೂರಕ್ಕೆ 31.4, ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯ. ಕತ್ತಲೆ ಗಲ್ಲಿಯ ಅಪರಿಚಿತನಲ್ಲ. ಅಂದರೆ ಹೆಂಡತಿಗಾಗಿ ಪಿಸ್ತೂಲು ಆರಿಸಲು ಕೂತ ಗಂಡ, ಅಂಕಿಅಂಶದ ಪ್ರಕಾರ, ಆ ಪಿಸ್ತೂಲಿನ ಮೊದಲ ಸಂಭಾವ್ಯ ಗುರಿ. ಪ್ರಬಂಧಕಾರರು ಈ ಪುಟವನ್ನು ಮಾರ್ಗದರ್ಶಕರಿಗೆ ತೋರಿಸಲಿಲ್ಲ. ಹೆಂಡತಿಗೂ ತೋರಿಸಲಿಲ್ಲ.

ಅಧ್ಯಾಯ 7 'ಉಪಸಂಹಾರ' ಆಗಬೇಕಿತ್ತು. ಆಗಲಿಲ್ಲ. ಯಮಕನಮರಡಿ ಪರಿಸರ ಎಂದು ಶೀರ್ಷಿಕೆಯಲ್ಲಿ ಬರೆದ ಮೇಲೆ, ಇದೇ ಹೆದ್ದಾರಿಯಲ್ಲಿ ಬೆಳಗಾವಿಯ ಕಡೆ ಹೊರಟರೆ ಸಿಗುವ, ಯಮಕನಮರಡಿ ವಿಧಾನಸಭಾ ಕ್ಷೇತ್ರದ್ದೇ ಆದ ಹೊಸ ವಂಟಮುರಿಯನ್ನು ಬಿಡುವುದು ಹೇಗೆ?

2023ರ ಡಿಸೆಂಬರ್ 11ರ ಬೆಳಗಿನ ಜಾವ. ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ಓಡಿಹೋಗಿದ್ದರು. ಹುಡುಗಿಯ ಕಡೆಯವರು ಹುಡುಗನ ಮನೆಗೆ ನುಗ್ಗಿ, ಅವನ ತಾಯಿಯನ್ನು ಹೊರಗೆಳೆದು, ಬೆತ್ತಲೆ ಮಾಡಿ, ಮೆರವಣಿಗೆ ಮಾಡಿ, ಕರೆಂಟಿನ ಕಂಬಕ್ಕೆ ಕಟ್ಟಿದರು. ಬೆಳಗಾವಿಯಲ್ಲಿ ಆಗ ವಿಧಾನಮಂಡಲದ ಅಧಿವೇಶನ ನಡೆಯುತ್ತಿತ್ತು. ಇಡೀ ಸರ್ಕಾರ ಹತ್ತಿರದಲ್ಲೇ ಇತ್ತು. ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ವರಾಳೆ ಅವರ ಪೀಠಕ್ಕೆ ಹೊಡೆದವರಷ್ಟೇ ಅಲ್ಲ, ನೋಡುತ್ತ ನಿಂತ ಐವತ್ತು ಅರವತ್ತು ಮಂದಿಯೂ ಕಣ್ಣಿಗೆ ಚುಚ್ಚಿದರು. ಬಿಡಿಸಲು ಹೋದವನು ಒಬ್ಬ. ಅವನಿಗೂ ಏಟು ಬಿತ್ತು. ಗವರ್ನರ್ ಜನರಲ್ ಬೆಂಟಿಂಕನ ಕಾಲದಲ್ಲಿ ಇಡೀ ಊರಿಗೆ ಹಾಕುತ್ತಿದ್ದ ದಂಡದ ಮಾತನ್ನು, 'ಪುಂಡಗಂದಾಯ' ಎಂಬ ಹಳೆಯ ಶಬ್ದವನ್ನು, ಕೋರ್ಟು ಹೊರತೆಗೆಯಿತು.

ಪ್ರಬಂಧಕಾರರಿಗೆ ಸಿಟ್ಟು ಬರುವುದು ಇಲ್ಲಿ. ಆ ತಾಯಿಯ ಸೊಂಟದಲ್ಲಿ ನಿರ್ಭೀಕ್ ಇರಬೇಕಿತ್ತು ಎಂದು ಹೇಳುವವರು ಇದ್ದಾರೆ. ನಿದ್ದೆಯಿಂದ ಎಳೆದು ತಂದವಳ ಸೊಂಟದಲ್ಲಿ! ಗುಪ್ತಧಾರಣಕ್ಕೆ ಮೈಮೇಲೆ ಬಟ್ಟೆಯಾದರೂ ಬೇಕಲ್ಲ. ಕಂಬದ ಸುತ್ತ ನಿಂತವರ ಮನೆಗಳಲ್ಲೂ ಹೆಂಡತಿಯರಿದ್ದರು, ತಾಯಂದಿರಿದ್ದರು. ನಿಂತವರಲ್ಲಿ ಹತ್ತು ಜನ ಮುಂದೆ ಬಂದಿದ್ದರೆ ಸಾಕಿತ್ತು, ಹತ್ತು ಜನರ ಬರಿಗೈ ಸಾಕಿತ್ತು, ಒಂದು ಹಳೆಯ ಟಾವೆಲ್ ಸಾಕಿತ್ತು. ಸಬಲೀಕರಣದ ಮೇಲೆ ಇಪ್ಪತ್ತು ನಿಮಿಷ ಓದಿ ಊಟದ ಕೂಪನ್ನು ತೆಗೆದುಕೊಂಡವರು ಆ ಊರಿನ ಮೇಲೂ ಒಂದು ಪ್ರಬಂಧ ಬರೆದಾರು. 'ಪ್ರೇಕ್ಷಕತ್ವದ ಪರಿಕಲ್ಪನೆ' ಎಂದು ಹೆಸರಿಟ್ಟಾರು.

ಆ ಸುದ್ದಿ ಬಂದ ದಿನದ ಪೇಪರು ಇನ್ನೂ ಮನೆಯಲ್ಲಿದೆ. ಡಬ್ಬಿಗಳ ಕೆಳಗೆ ಹಾಸಲು ಸಹಧರ್ಮಿಣಿ ಅದನ್ನು ಬಳಸಲಿಲ್ಲ, ಮಡಚಿ ಬೇರೆ ಇಟ್ಟಿದ್ದಾರೆ. ಅರ್ಜಿ ನಮೂನೆ ತುಂಬಲು ಕೂತ ರಾತ್ರಿ ಅವರು ಮತ್ತೊಮ್ಮೆ ಮೊಬೈಲಿನ ಚಿತ್ರ ಕೇಳಿ ನೋಡಿದರು.

"ಇದರಾಗ ಗುಂಡು ಎಷ್ಟು ಹಿಡಿತಾವ್ರಿ?"

"ಆರು."

"ಅಲ್ಲೆ ನಿಂತ ಮಂದಿ ಎಷ್ಟಿದ್ರು ಅಂದ್ರಿ?"

ಪ್ರಬಂಧಕಾರರು ಸಂಖ್ಯೆ ಹೇಳಿದರು. ಸಹಧರ್ಮಿಣಿ ಮೊಬೈಲನ್ನು ಬೋರಲು ಹಾಕಿ, ಬಾಗಿಲ ಚಿಲಕ ಹಾಕಿಕೊಂಡು ಬರಲು ಹೋದರು. ಅರ್ಜಿಯಲ್ಲಿ 'ಆಯುಧ ಬೇಕಾದ ಕಾರಣ' ಎಂಬಲ್ಲಿ ಮೊದಲು ಬರೆದಿದ್ದ 'ಆತ್ಮರಕ್ಷಣೆ'ಯ ಮೇಲೆ ಪ್ರಬಂಧಕಾರರು ಗೀಟು ಎಳೆದಿದ್ದರು. ಅದರ ಜಾಗದಲ್ಲಿ ಇನ್ನೂ ಏನೂ ಬರೆದಿಲ್ಲ.