ಮಿತಬಲ ಮೀಮಾಂಸೆ: ಕ್ಯಾಮ್‌ಶಾಫ್ಟ್ ಬೋಲ್ಟ್ ಬಿಗಿಯುವ ಕಲ್ಯಾಣ ಸಂಪ್ರದಾಯ

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ 100 ಅಧ್ಯಾಯಗಳಿವೆ. ಆನೆ ಹಿಡಿಯುವುದುಂಟು, ಮೀನು ಹಿಡಿಯುವುದುಂಟು, ಅಡುಗೆಯಂತೂ ಬೇಕಾದಷ್ಟು. ಕ್ಯಾಮ್‌ಶಾಫ್ಟ್ ಬೋಲ್ಟಿನ ಸೊಲ್ಲೇ ಇಲ್ಲ. ಈ ಅಕ್ಷಮ್ಯ ಲೋಪವನ್ನು ತುಂಬಲೆಂದೇ ಪ್ರಸ್ತುತ ಪ್ರಬಂಧ. ಕ್ಷೇತ್ರಕಾರ್ಯ ನಡೆದದ್ದು ಬಸವಕಲ್ಯಾಣ, ಹುಮನಾಬಾದ್ ಕಡೆಯ ಗ್ಯಾರೇಜುಗಳಲ್ಲಿ. ಬಲಿಪಶು ನನ್ನದೇ ಕಾರು.

ವಿದ್ವಾಂಸರಲ್ಲಿ ಎರಡು ಪಂಥ. ಬಸವಕಲ್ಯಾಣದಲ್ಲಿ ನನಗೆ ಸಿಕ್ಕ ಉಸ್ತಾದರು ಅಂದಾಜುವಾದಿಗಳು. “ಕೈಗೇ ತಿಳೀತದ್ರಿ, ಮೀಟರ್ ಯಾಕ ಬೇಕು?” ಎಂಬುದು ಅವರ ಮೂಲಸೂತ್ರ. ಹುಮನಾಬಾದಿನವರು ಟಾರ್ಕ್‌ವಾದಿಗಳು. ಅವರಲ್ಲಿ ಟಾರ್ಕ್ ಪಾನಾ ಇದೆ, ಬೀರುವಿನಲ್ಲಿದೆ, ಆಯುಧಪೂಜೆಗೆ ಹೊರಬರುತ್ತದೆ.

ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದೂ ಇದೇ ಕಲ್ಯಾಣದಲ್ಲಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ ಮಹಾನುಭಾವ ಆತ. ಉಸ್ತಾದರ ಕೈಯಂದಾಜಿನಲ್ಲಿ ಶಾಗಿರ್ದನಿಗೆ ಅಂಥ ಹಕ್ಕಿಲ್ಲ. ಅದು ಸ್ವಯಾರ್ಜಿತ, ಗಳಿಸುವಷ್ಟರಲ್ಲಿ ಹತ್ತಾರು ಎಂಜಿನ್ ಹೆಡ್ಡುಗಳ ಚೂಡಿ (ಥ್ರೆಡ್) ಹೋಗಿರುತ್ತದೆ.

ಸಿದ್ಧಾಂತವೇನು? ಕ್ಯಾಮ್‌ಶಾಫ್ಟನ್ನು ಹೆಡ್ಡಿನ ಮೇಲೆ ಒತ್ತಿ ಹಿಡಿಯುವ ಕ್ಯಾಪಿನ ಬೋಲ್ಟ್ ಅನೇಕ ಕಾರುಗಳಲ್ಲಿ 6 ಮಿ.ಮೀ. ದಪ್ಪದ್ದು. ಅದು ಬೇಡುವುದು 10 ನ್ಯೂಟನ್ ಮೀಟರಿನ ಆಸುಪಾಸು (ಆಯಾ ಗಾಡಿಯ ಪುಸ್ತಕವೇ ಶ್ರುತಿ, ಉಳಿದದ್ದು ಸ್ಮೃತಿ). 20 ಸೆಂ.ಮೀ. ಪಾನಾದ ತುದಿಗೆ 5 ಕಿಲೊ ಜೋಳದ ಚೀಲ ತೂಗುಬಿಟ್ಟಷ್ಟು ಬಲ. ಅಂದಾಜುವಾದಿ ತೂಗುಬಿಡುವುದು ತನ್ನನ್ನೇ. ಕೆಳಗಿನಿಂದ ವಾಲ್ವ್ ಸ್ಪ್ರಿಂಗುಗಳು ಶಾಫ್ಟನ್ನು ಮೇಲಕ್ಕೆ ನೂಕುತ್ತಿರುತ್ತವೆ. ಒಂದೇ ತುದಿ ಬಿಗಿದರೆ ಶಾಫ್ಟ್ ಓರೆಯಾಗಿ ಕ್ಯಾಪ್ ಬಿರಿಯುತ್ತದೆ. ಒಮ್ಮೊಮ್ಮೆ ಶಾಫ್ಟೇ ತುಂಡು. ಆದ್ದರಿಂದ ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಬೋಲ್ಟಿಗೆ ಅರ್ಧರ್ಧ ಸುತ್ತು, ಹಲವು ಸರದಿ. ಕೊನೆಯ ಸರದಿಗೆ ಬೀರುವಿನ ದೇವರನ್ನು ಇಳಿಸಬೇಕು. ಬಿಚ್ಚುವಾಗ ಹೊರಗಿನಿಂದ ಒಳಕ್ಕೆ. ಕ್ಯಾಪಿನ ಮೇಲಿನ ನಂಬರು, ಬಾಣದ ಗುರುತು ಶಿಲಾಶಾಸನಕ್ಕೆ ಸಮ. ಅದಲುಬದಲು ಮಾಡಿದವನಿಗೆ ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪ.

ಇನ್ನು ಶಾಗಿರ್ದ ಬೋಲ್ಟಿನ ತೂತಿಗೆ ಎಣ್ಣೆ ತುಂಬಿಸುವ ವಿಚಾರ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಗೆ ಓಡಲು ದಾರಿಯಿಲ್ಲ, ಬೋಲ್ಟ್ ಬಿಗಿದರೆ ಹೆಡ್ಡನ್ನೇ ಸೀಳುತ್ತದೆ. ಎಣ್ಣೆ ಬೇಕಾದದ್ದು ಶಾಫ್ಟ್ ಕೂರುವ ಜಾಗಕ್ಕೆ.

ಪ್ರಯೋಗದ ಫಲ: ನನ್ನ ಕಾರಿನ ಒಂದು ಬೋಲ್ಟಿನ ಮೇಲರ್ಧ ಉಸ್ತಾದರ ಕೈಯಲ್ಲಿದೆ, ಕೆಳಗರ್ಧ ಹೆಡ್ಡಿನೊಳಗಿದೆ. ಮಿತಾಕ್ಷರಾ ನ್ಯಾಯದಂತೆ ಇದು ಅವಿಭಕ್ತ ಆಸ್ತಿ. ಪಾಲು ಮಾಡಲು ಲೇತ್‌ನವನೇ ಬರಬೇಕು. ಸೋಮವಾರ ಬರ್ತಾನಂತ್ರಿ.