ಹಾಲಾಡಿಯಲ್ಲೊಂದು ರಾಕ್ ಬಾನುಲಿ

ವರಾಹಿಯ ತೀರದ ಹಾಲಾಡಿಯಲ್ಲಿ ರಾಕ್ ಸಂಗೀತಕ್ಕೆಂದೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿ, ಗ್ರಾಮಸ್ಥರ ಅಭಿರುಚಿಯನ್ನು ಉದ್ಧರಿಸುವೆನೆಂಬ ದೃಢಸಂಕಲ್ಪದಿಂದ ಬೆಂಗಳೂರಿನಿಂದ ಮರಳಿದ ತರುಣನೋರ್ವನು, ನಿವೃತ್ತ ಮಾಸ್ತರರ ಚಾವಡಿಯಲ್ಲಿ ತನ್ನ ಯೋಜನೆಯನ್ನು ಸವಿನಯವಾಗಿ ನಿವೇದಿಸಿಕೊಂಡನು.

ಮಾಸ್ತರರು: ಪರವಾನಗಿ ದೊರೆಯಿತೇ, ಮಾಣಿ?

ತರುಣ: ವ್ಯಕ್ತಿಗಳಿಗೆ ಕೊಡರಂತೆ, ಮಾಸ್ತರರೇ, ಸಂಘವೊಂದರ ಹೆಸರಿನಲ್ಲಿ ಸಮುದಾಯ ಬಾನುಲಿಗೆ ಅರ್ಜಿ ಹಾಕುವೆನು. ಪ್ರಸಾರಶಕ್ತಿ 100 ವ್ಯಾಟ್!

ಮಾಸ್ತರರು: 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಬರಿಯ 30 ವ್ಯಾಟ್ ಯಂತ್ರವನ್ನು ಸ್ವಗೃಹದಲ್ಲಿಯೇ ನಿಲ್ಲಿಸಿ ‘ಆಕಾಶವಾಣಿ’ಯನ್ನು ಆರಂಭಿಸಿದರು, ಆದರೆ ಅವರಲ್ಲಿ ಯಂತ್ರಕ್ಕಿಂತ ಮುಂಚಿತವಾಗಿ ಹೇಳತಕ್ಕ ವಿಷಯವಿದ್ದಿತು.

ತರುಣ: ನನ್ನಲ್ಲಿಯೂ ಇದೆ: ಅಹೋರಾತ್ರಿ ಗಿಟಾರು!

ಮಾಸ್ತರರು: ನಿಯಮದಂತೆ ಕಾರ್ಯಕ್ರಮಗಳಲ್ಲಿ ಶೇಕಡಾ 50 ಭಾಗವಾದರೂ ಸ್ಥಳೀಯರ ಸಹಭಾಗಿತ್ವದಿಂದಲೇ ಸಿದ್ಧವಾಗತಕ್ಕದ್ದು. ಈ ಊರಿನಲ್ಲಿ ಗಿಟಾರು ನುಡಿಸುವವರು?

ತರುಣ: ನಾನೊಬ್ಬ.

ಮಾಸ್ತರರು: ಕೇಳುವವರು?

ತರುಣ: ಸದ್ಯಕ್ಕೆ ನಾನೇ. ಆದರೆ ಇಷ್ಟು ಅಚಲನಿಷ್ಠೆಯ ಶ್ರೋತೃವರ್ಗವು ಯಾವ ಮಹಾನಗರದ ಕೇಂದ್ರಕ್ಕಿದೆ?

ಮಾಸ್ತರರು: ಅಬ್ಬರಕ್ಕೆ ಕಿವಿಗೊಡುವವರು ಇಲ್ಲಿ ಇಲ್ಲದಿಲ್ಲ; ಯಕ್ಷಗಾನದ ಚೆಂಡೆಯ ಪೆಟ್ಟಿಗೆ ಬೆಳಗಿನವರೆಗೂ ಗದ್ದೆಯಲ್ಲಿ ಎಚ್ಚರವಿದ್ದು, ಭಾಗವತರ ಒಂದು ತಾಳ ತಪ್ಪಿದರೂ ಮರುದಿನ ಪೇಟೆಯಲ್ಲಿ ವಿಚಾರಣೆ ನಡೆಸುವಂಥ ರಸಿಕರಿವರು. ನೀನು ಮಳೆಗಾಲದಲ್ಲಿ ಆರಂಭಿಸು. ಮೇಳಗಳ ತಿರುಗಾಟ ನಿಂತಿರುವುದರಿಂದ ಪ್ರತಿಸ್ಪರ್ಧಿಗಳಿರರು.

ತರುಣ: ಕರೆಂಟು?

ಮಾಸ್ತರರು: ಅದೂ ಇರದು. ವರಾಹಿಯ ಭೂಗರ್ಭ ವಿದ್ಯುದಾಗಾರವು ನಾಡಿಗೆಲ್ಲ ಬೆಳಕು ಹಂಚುತ್ತಿರುವಾಗ, ನಮ್ಮ ತಂತಿಯ ಮೇಲೆ ಮರ ಬೀಳುತ್ತಿರುತ್ತದೆ!