ಹೋರಿ ಹಬ್ಬವನ್ನು ಹೋರಿ ಕಾಣದಂತೆ ನಡೆಸುವ ವಿಧಾನ

ಕಮಿಟಿಯವರು ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಓದದಿದ್ದರೂ ನಷ್ಟವಿಲ್ಲ. ಹಂಸಭಾವಿಯ ಆಸುಪಾಸು, ಹಿರೇಕೆರೂರು, ಹಾನಗಲ್ಲ, ಬ್ಯಾಡಗಿ, ಸವಣೂರು, ಶಿಗ್ಗಾಂವಿ ಸೀಮೆಯಲ್ಲಿ ಇದರ ಅರ್ಧದಷ್ಟನ್ನು ಯಾರೂ ಹೇಳಿಕೊಡದೆಯೇ ಪಾಲಿಸುವವರಿದ್ದಾರೆ. ಉಳಿದ ಅರ್ಧವನ್ನೂ ಕಲಿತುಬಿಟ್ಟರೆ ಕೆಲಸ ಪೂರ್ತಿಯಾದೀತು ಎಂಬ ಕಳಕಳಿಯಿಂದ ಇದನ್ನು ಬರೆಯಲಾಗಿದೆ.

ಉಪಕರಣದ ಪರಿಚಯ

ಉಪಕರಣದ ಹೆಸರು ಕೊಬ್ಬರಿ ಹೋರಿ. ನಾಲ್ಕು ಕಾಲು, ಎರಡು ಕೋಡು, ಒಂದು ಹಿಣಿಲು. ಚಾರ್ಜ್ ಮಾಡುವ ಅಗತ್ಯವಿಲ್ಲ. ಹುರುಳಿ, ಹಿಂಡಿ, ಹತ್ತಿಕಾಳು ಸಾಕು, ಕೆರೆಯಲ್ಲಿ ಈಜಿಸಿದರೆ ಇನ್ನೂ ಚೆನ್ನ. ಅಮೃತಮಹಲ್, ಹಳ್ಳಿಕಾರ್ ತಳಿಯವು ಮೊದಲಿನಿಂದ ಇದ್ದವು. ಈಚೆಗೆ ಲಕ್ಷಗಟ್ಟಲೆ ಎಣಿಸಿ ತಮಿಳುನಾಡಿನಿಂದ ತಂದವೂ ಕೊಟ್ಟಿಗೆ ಸೇರಿವೆ. ದೀಪಾವಳಿ ಪಾಡ್ಯಕ್ಕೆ ಶುರುವಾದರೆ ಗೋವಿನಜೋಳದ ಒಕ್ಕಣೆ ಮುಗಿದ ಮೇಲೂ ತಿಂಗಳುಗಟ್ಟಲೆ ಒಂದಲ್ಲ ಒಂದು ಊರಿನಲ್ಲಿ ಅಖಾಡ ಇದ್ದೇ ಇರುತ್ತದೆ.

ಆಟ ಬಹಳ ಸರಳ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಣಿಗೆ ಬಿಡುವುದು. ಎರಡೂ ಕಡೆ ನಿಂತ ಪೈಲ್ವಾನರು ಕೊಬ್ಬರಿ ಹರಿಯಲು ನುಗ್ಗುವುದು. ಹರಿಸಿಕೊಳ್ಳದೆ ದಾಟಿದರೆ ಗೆಲುವು ಹೋರಿಯದು, ಹರಿದರೆ ಪೈಲ್ವಾನನದು. ಎಲ್ಲ ಮುಗಿಯುವುದಕ್ಕೆ ಕೆಲವೇ ಸೆಕೆಂಡು. ಇಷ್ಟು ಚಿಕ್ಕ ಆಟವನ್ನು ನೋಡಲು ಜನ ಬೆಳಗಿನಿಂದ ಸಂಜೆತನಕ ಮಾಳಿಗೆ ಮೇಲೆ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ, ಬೇವಿನ ಮರದ ಮೇಲೆ ಯಾಕೆ ಕೂತಿರುತ್ತಾರೆ ಎಂಬ ಪ್ರಶ್ನೆಯನ್ನು ಕಮಿಟಿಯವರು ಕೇಳಿಕೊಳ್ಳಬಾರದು. ಕೇಳಿಕೊಂಡರೆ ಈ ಕೈಪಿಡಿಯ ಮುಂದಿನ ಪುಟಗಳು ಕೆಲಸಕ್ಕೆ ಬರುವುದಿಲ್ಲ.

ಹಳೆಯ ಆವೃತ್ತಿ (ಈಗ ಸರಬರಾಜು ಕಡಿಮೆ)

ತಿಳಿವಳಿಕೆಗಾಗಿ ಮಾತ್ರ ಕೊಡಲಾಗಿದೆ, ಯಾರೂ ಪ್ರಯೋಗ ಮಾಡಲು ಹೋಗಬೇಡಿ. ಪಾಡ್ಯದ ಹಿಂದಿನ ರಾತ್ರಿ ಮನೆಯ ಹಿರಿಯ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಕೂತು ಒಣಕೊಬ್ಬರಿಯ ಬಟ್ಟಲುಗಳನ್ನು ಮುಂದಿಟ್ಟುಕೊಳ್ಳುತ್ತಾನೆ. ದಬ್ಬಣದಿಂದ ಒಂದೊಂದಕ್ಕೂ ಅಂಚಿನ ಹತ್ತಿರ ತೂತು. ಅಂಚಿಗೆ ತೀರಾ ಹತ್ತಿರವಾದರೆ ಬಟ್ಟಲು ಸೀಳುತ್ತದೆ, ದೂರವಾದರೆ ಸರ ಸರಿಯಾಗಿ ಕೂಡುವುದಿಲ್ಲ. ದಾರ ಆರಿಸುವುದರಲ್ಲಿ ಇನ್ನೂ ಹುಷಾರು. ಮೊಮ್ಮಗ ನೈಲಾನ್ ಹಗ್ಗ ತಂದರೆ ಬೈಗುಳ ಗ್ಯಾರಂಟಿ: "ಲೇ ತಮ್ಮಾ, ಅದು ಜಗ್ಗಿದ್ರ ಹರೀಬೇಕಲೇ. ಹರೀಲಿಲ್ಲಂದ್ರ ಹೋರಿ ಕೊಳ್ಳಿಗೆ ಬೀಳ್ತದ, ಹಿಡದಾಂವ ಕಾಲಾಗ ಬೀಳ್ತಾನ."

ಆ ದಾರದ ಗಂಟಿನಲ್ಲಿ ಹೋರಿಯ ಕೊರಳಿನ ಕಾಳಜಿ ಇತ್ತು, ಪಕ್ಕದ ಮನೆಯ ಹುಡುಗನ ಕಾಲಿನ ಕಾಳಜಿಯೂ ಇತ್ತು. ಬೆಳಿಗ್ಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹಣೆಪಟ್ಟಿ, ಗೊಂಡೆ, ಗೆಜ್ಜೆಸರ, ಮನೆಯವರೇ ಹೊಲಿದ ಝೂಲ. ಝೂಲದ ಬಣ್ಣ ನೋಡಿಯೇ ಇದು ಮೇಲಿನ ಓಣಿಯವರದು, ಇದು ಅಗಸಿ ಹತ್ತಿರದವರದು ಎಂದು ಗುರುತು ಹಿಡಿಯುತ್ತಿದ್ದರು. ಹಟ್ಟಿ ಲಕ್ಕವ್ವನ ಪೂಜೆ ಮಾಡಿದ ಹೆಂಗಸರು ಆರತಿ ಬೆಳಗಿದ ಮೇಲೆಯೇ ಹೋರಿ ಹೊಸ್ತಿಲಿಂದ ಕದಲುತ್ತಿತ್ತು. ಹರಿದ ಕೊಬ್ಬರಿಯನ್ನು ಪೈಲ್ವಾನ ಮನೆಗೆ ಹೊತ್ತುಕೊಂಡು ಹೋಗುತ್ತಿರಲಿಲ್ಲ. ಸುತ್ತ ನಿಂತ ಹುಡುಗರಿಗೆ ಚೂರುಚೂರು ಹಂಚಿ ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಈ ಆವೃತ್ತಿಯ ದೊಡ್ಡ ದೋಷವೆಂದರೆ ಇದರಲ್ಲಿ ಪ್ರಾಯೋಜಕರ ಹೆಸರು ಬರೆಯಲು ಜಾಗವೇ ಇರಲಿಲ್ಲ.

ಜೋಡಿಸುವ ಕ್ರಮ

ಮೊದಲು ಹೋರಿಗೆ ಹೆಸರಿಡಿ. ಒಂದು ಸಿನಿಮಾದ ಹೆಸರು, ಅದರ ಮುಂದೆ ಮೂರಂಕಿಯ ಒಂದು ನಂಬರು. ನಂಬರು ಯಾಕೆಂದು ಕೇಳಿದವರಿಗೆ ಉತ್ತರ ಕೊಡುವ ಗೋಜಿಗೆ ಹೋಗಬೇಡಿ. ಅದೇ ಹೆಸರಿನ ಟೀ ಶರ್ಟ್ ಹೊಲಿಸಿ ಅಭಿಮಾನಿಗಳಿಗೆ ಹಂಚಿ. ಇಲ್ಲಿ ನಾನು ಕೈಪಿಡಿಯ ಶಿಸ್ತು ಮೀರಿ ಒಂದು ಮಾತು ಹೇಳಬೇಕು: ಈ ಹೆಸರು, ಟೀ ಶರ್ಟ್ ವ್ಯವಹಾರದ ಬಗ್ಗೆ ನನಗೆ ತಕರಾರಿಲ್ಲ. ಹೆಸರಿಲ್ಲದ ಹೋರಿಗೆ ಯಾರೂ ಕೂಗು ಹಾಕುವುದಿಲ್ಲ. 2021ರಲ್ಲಿ ದೀಪಾವಳಿಗೆ ವಾರವಿದ್ದಾಗ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಆಮೇಲೆ ಅಖಾಡಗಳಲ್ಲಿ ಅವರ ಭಾವಚಿತ್ರ ಹೊತ್ತ ಹೋರಿಗಳು ಬಂದಾಗ ಅದನ್ನು ಯಾರೂ ಆಡಂಬರ ಅನ್ನಲಿಲ್ಲ. ತಕರಾರು ಇರುವುದು ಮುಂದಿನ ಹಂತದಿಂದ.

ಕೋಡಿಗೆ ಪೀಪಿ ಕಟ್ಟಿ. ಬಲೂನು, ರಿಬ್ಬನ್, ಬಣ್ಣದ ಕಾಗದ, ಸಾಧ್ಯವಾದರೆ ಎಲ್‌ಇಡಿ. ಎತ್ತರ ಎಷ್ಟಿರಬೇಕೆಂದರೆ, ಪಕ್ಕದೂರಿನ ಹೋರಿಯದಕ್ಕಿಂತ ಒಂದು ಗೇಣು ಹೆಚ್ಚು. ಹೋರಿಗೆ ಎದುರಿನ ದಾರಿ ಕಾಣುತ್ತದೆಯೇ ಎಂದು ಪರೀಕ್ಷಿಸುವ ಅಗತ್ಯವಿಲ್ಲ. ಬಲೂನು ಒಡೆದ ಸದ್ದಿಗೆ ಅದು ಬೆದರಿ ಜನರತ್ತ ತಿರುಗಿದರೆ "ಹೋರಿ ಬೆದರಿಸುವ ಸ್ಪರ್ಧೆ" ಎಂದು ನಾವೇ ಪ್ಯಾಂಪ್ಲೆಟ್‌ನಲ್ಲಿ ಅಚ್ಚು ಹಾಕಿಸಿದ್ದೇವಲ್ಲ.

ಧ್ವನಿವ್ಯವಸ್ಥೆ ಅತಿ ಮುಖ್ಯ. ಡಿಜೆ ಪೆಟ್ಟಿಗೆಗಳನ್ನು ಅಖಾಡದ ಬಾಯಿಗೇ ಇಡಿ. ಹಿಂದೆಲ್ಲ ಹೋರಿ ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳುತ್ತಿತ್ತು. ಓಣಿಯ ತಿರುವಿನ ಆಚೆ ಗೆಜ್ಜೆಸರದ ಸದ್ದು, ಗೊರಸಿನ ಸದ್ದು, ಅದಕ್ಕೆ ತಕ್ಕಂತೆ ಜನರ ಸಾಲು ಸೀಳಿಕೊಳ್ಳುತ್ತಿತ್ತು. "ಬಂತ್‌ಲೇ, ಸರೀರಿ" ಎಂದು ಒಬ್ಬ ಕೂಗಿದರೆ ಐವತ್ತು ಜನ ಗೋಡೆಗೆ ಅಂಟುತ್ತಿದ್ದರು. ಡಿಜೆ ಇದ್ದರೆ ಈ ತೊಂದರೆಯಿಲ್ಲ. ಹೋರಿ ಬಂದದ್ದು ಅದು ಮೈಮೇಲೆ ಬಂದಾಗಲೇ ತಿಳಿಯುತ್ತದೆ. ಪ್ರತಿ ವರ್ಷ ಈ ಹಂಗಾಮಿನಲ್ಲಿ ಬರುವ ಸಾವುನೋವಿನ ಸುದ್ದಿಗಳಲ್ಲಿ ಆಡಲು ಬಂದ ಪೈಲ್ವಾನರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡುತ್ತಿದ್ದವರು, ದಾರಿಯಲ್ಲಿ ಹೋಗುತ್ತಿದ್ದವರು ಇರುತ್ತಾರೆ ಎಂಬುದನ್ನು ಕಮಿಟಿಯವರು ಮರೆತರೆ ಮಾತ್ರ ಈ ಹಂತ ಸಲೀಸು.

ಮೈಕು ಹಿಡಿಯುವವನನ್ನು ಆರಿಸುವಾಗ ಹೋರಿಗಳ ಬಗ್ಗೆ ಗೊತ್ತಿರುವವನನ್ನು ದೂರವಿಡಿ. ಅಂಥವನು "ಇದು ಹೋದ ವರ್ಷ ತಿಳವಳ್ಳಿ ಕಡೆ ಓಡಿತ್ತು, ಎಡಗಡೆ ಕೊಸರ್ತದ, ಎಡಕ್ಕ ನಿಂತವರು ನೋಡ್ಕೊಳ್ರಿ" ಎಂದು ಹೇಳಿ ಸಮಯ ಹಾಳುಮಾಡುತ್ತಾನೆ. ನಮಗೆ ಬೇಕಾದವನು ವೇದಿಕೆ ಮೇಲಿನ ಗಣ್ಯರ ಪಟ್ಟಿಯನ್ನು ತಪ್ಪಿಲ್ಲದೆ, ಪದವಿ ಸಮೇತ, ಹೋರಿ ಓಡುತ್ತಿರುವಾಗಲೇ ಓದಬಲ್ಲವನು. ಗಣ್ಯರು ಬರುವ ತನಕ ಹೋರಿಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ. ನೀರು ಕೇಳಲು ಅವುಗಳಿಗೆ ಬಾಯಿ ಬರುವುದಿಲ್ಲ ಎಂಬುದು ಈ ಉಪಕರಣದ ಒಂದು ಅನುಕೂಲ.

ಬಹುಮಾನಕ್ಕೆ ಬೈಕು, ಬಂಗಾರ, ಫ್ರಿಜ್ಜು. ಬಹುಮಾನ ದೊಡ್ಡದಾದಷ್ಟೂ ಹೋರಿಯನ್ನು ಓಡಿಸುವ ಒತ್ತಡ ದೊಡ್ಡದು, ಒತ್ತಡ ದೊಡ್ಡದಾದಷ್ಟೂ ಬಾಲ ತಿರುಚುವ ಕೈಗಳು ಹೆಚ್ಚು. ಇನ್ನು ಆ ಕೊಬ್ಬರಿ? ಇದ್ದರೂ ನಡೆದೀತು, ಇಲ್ಲದಿದ್ದರೂ ನಡೆದೀತು.

ಕಾನೂನು ಎಚ್ಚರಿಕೆ

ಸಣ್ಣ ಅಕ್ಷರದಲ್ಲಿ ಅಚ್ಚು ಹಾಕತಕ್ಕದ್ದು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಜಲ್ಲಿಕಟ್ಟು ಬೇಕೆಂದವರ ಪ್ರತಿಭಟನೆಯಲ್ಲಿ ಚೆನ್ನೈನ ಮರೀನಾ ಕಡಲತೀರ ತುಂಬಿದ ಮೇಲೆ ನಮ್ಮ ವಿಧಾನಮಂಡಲವೂ ಫೆಬ್ರುವರಿಯಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ಈ ಕಾನೂನುಗಳನ್ನು ಎತ್ತಿಹಿಡಿಯಿತು. ಅದನ್ನು ಕೇಳಿ ಪಟಾಕಿ ಹೊಡೆದವರು ಒಂದು ವಿಷಯವನ್ನು ಹೊಗೆಯಲ್ಲಿ ಬಿಟ್ಟರು: ಪ್ರಾಣಿಗೆ ಅನಗತ್ಯ ನೋವಾಗಬಾರದು ಎಂಬ ಷರತ್ತಿನ ಮೇಲೆಯೇ ಈ ಅವಕಾಶ ನಿಂತಿದೆ. ಷರತ್ತು ಮುರಿದರೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಲು ಬೇರೆಯವರು ಬೇಕಿಲ್ಲ, ನಮ್ಮ ಮೊಬೈಲಿನ ವಿಡಿಯೋಗಳೇ ಸಾಕ್ಷಿ.

ಅನುಬಂಧ: ಹೊರದೇಶದ ಮಾದರಿ

ಈ ಕೈಪಿಡಿ ನಮ್ಮ ಸೀಮೆಗೆ ಮಾತ್ರ ಸಲ್ಲುತ್ತದೆ ಎಂದು ಯಾರೂ ಹೆಮ್ಮೆಪಡಬೇಕಿಲ್ಲ. ಅಮೆರಿಕದಲ್ಲಿ ಡ್ರ್ಯಾಗ್ ರೇಸಿಂಗ್ ಎಂಬ ಆಟವಿದೆ. ಎರಡು ಕಾರು, ನೇರ ದಾರಿ, ಕಾಲು ಮೈಲಿ, ಅಂದರೆ ಸುಮಾರು 402 ಮೀಟರು. ಅದೂ ಕೆಲವೇ ಸೆಕೆಂಡಿನಲ್ಲಿ ಮುಗಿಯುವ ಆಟವೇ. ಹಾಗಾಗಿ ಅಲ್ಲಿನವರು ಓಟಕ್ಕಿಂತ ಮುಂಚಿನ ಹೊತ್ತನ್ನೇ ಹಬ್ಬ ಮಾಡಿಕೊಂಡಿದ್ದರು. ಟೈರು ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸುವುದು, ಕಾರಿನ ಮುಂಗಾಲಿ ಗಾಳಿಗೆ ಎತ್ತುವುದು. 1970ರ ದಶಕದಲ್ಲಿ 'ಜಂಗಲ್ ಜಿಮ್' ಎಂದು ಹೆಸರಾದ ಜಿಮ್ ಲಿಬರ್‌ಮನ್ ಇಂಥ ಆಟಾಟೋಪಕ್ಕೇ ಜನರನ್ನು ಸೆಳೆಯುತ್ತಿದ್ದ. ಇನ್ನಿಬ್ಬರು ಚಾಲಕರಲ್ಲಿ ಡಾನ್ ಪ್ರುಡೋಮ್‌ಗೆ 'ಹಾವು', ಟಾಮ್ ಮೆಕ್ಯುಯೆನ್‌ಗೆ 'ಮುಂಗುಸಿ' ಎಂದು ಅಡ್ಡಹೆಸರು. ಇಬ್ಬರ ಜಿದ್ದನ್ನು ನೋಡಿ ಆಟಿಕೆ ಕಂಪನಿ ಮ್ಯಾಟೆಲ್ ಇಬ್ಬರಿಗೂ ದುಡ್ಡು ಸುರಿಯಿತು, ಅವರ ಕಾರುಗಳ ಪುಟ್ಟ ಪ್ರತಿಗಳು ಮಕ್ಕಳ ಕೈಗೆ ಬಂದವು.

ಇಲ್ಲಿ ಕಂಪನಿಯ ದುಡ್ಡು ಆಟವನ್ನು ಕೆಡಿಸಲಿಲ್ಲ ಎಂಬುದನ್ನು ಗಮನಿಸಿ. ಹಾವು ಯಾವುದು, ಮುಂಗುಸಿ ಯಾವುದು ಎಂದು ಜನರಿಗೆ ಗೊತ್ತಿತ್ತು. ದುಡ್ಡು ಆ ಗುರುತನ್ನು ಇನ್ನಷ್ಟು ದಪ್ಪ ಮಾಡಿತು. ಈಗ ಅಲ್ಲಿನ ಹಳೇ ಅಭಿಮಾನಿಗಳ ಗೊಣಗಾಟ ಕೇಳಿದರೆ ಹಿರೇಕೆರೂರು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಂತೆಯೇ ಆಗುತ್ತದೆ: ಎಲ್ಲ ಕಾರೂ ಒಂದೇ ಥರ, ಓಡಿಸುವವರು ಬಾಯಿ ತೆರೆದರೆ ಪ್ರಾಯೋಜಕರ ಜಪ, ಹಳೆಯ ತಮಾಷೆ ಹೋಯಿತು.

ಆದರೆ ಅವರಿಂದ ಕಲಿಯಬೇಕಾದದ್ದೂ ಇದೆ. 1970ರಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಚಾಲಕನ ಕಾರಿನ ಟ್ರಾನ್ಸ್‌ಮಿಶನ್ ಸಿಡಿದು ಅವನ ಪಾದದ ಒಂದು ಭಾಗವೇ ಹೋಯಿತು. ಮರುವರ್ಷ ಅವನು ಎಂಜಿನ್ನನ್ನು ತನ್ನ ಬೆನ್ನ ಹಿಂದೆ ಇಟ್ಟ ಕಾರು ತಂದು ಗೆದ್ದ. ಉಳಿದವರೂ ಹಾಗೇ ಮಾಡಿದರು. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕ ಸತ್ತ ಮೇಲೆ ಅತಿವೇಗದ ವರ್ಗಗಳ ಓಟವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿದರು. ಆಟ ನಿಂತಿಲ್ಲ. ಒಂದು ಸಾವಿಗೆ ಅವರು ದಾರಿಯನ್ನೇ ಮೊಟಕು ಮಾಡಿದರು. ನಾವು ಮಾಡುವುದು ಶ್ರದ್ಧಾಂಜಲಿಯ ಫ್ಲೆಕ್ಸು.

ದೋಷ ನಿವಾರಣೆ

ಸಮಸ್ಯೆ: ಜನ ಹೋರಿಯನ್ನೇ ನೋಡುತ್ತಿದ್ದಾರೆ, ವೇದಿಕೆಯನ್ನು ನೋಡುತ್ತಿಲ್ಲ. ಪರಿಹಾರ: ಡ್ರೋನು ಹಾರಿಸಿ. ಎಲ್ಲರೂ ಮೇಲೆ ನೋಡುತ್ತಾರೆ.

ಸಮಸ್ಯೆ: ಪೈಲ್ವಾನರ ಪಾಳಿಗಿಂತ ಮೊಬೈಲ್ ಹಿಡಿದವರ ಪಾಳಿಯೇ ಅಖಾಡದೊಳಗೆ ಮುಂದೆ ನಿಂತಿದೆ. ಪರಿಹಾರ: ಇದು ಸಮಸ್ಯೆಯಲ್ಲ, ರೀಲ್ಸ್.

ಸಮಸ್ಯೆ: ಕುಡಿದು ಬಂದವನು ಹೋರಿಯ ಮುಂದೆ ಕುಣಿಯುತ್ತಿದ್ದಾನೆ. ಪರಿಹಾರ: ಅವನು ಯಾರ ಕಡೆಯವನೆಂದು ಮೊದಲು ವಿಚಾರಿಸಿ.

ಸಮಸ್ಯೆ: ಒಬ್ಬ ಮುದುಕ ಬೇಲಿಯ ಹತ್ತಿರ ನಿಂತು "ಹೋರಿ ಮೈ ಕಾಣವಲ್ದಲ್ಲೋ ಯಪ್ಪಾ" ಎನ್ನುತ್ತಿದ್ದಾನೆ. ಪರಿಹಾರ: ಸಿಕ್ಕಿಲ್ಲ.

ಗ್ರಾಹಕರ ಅಭಿಪ್ರಾಯ

ಆ ಮುದುಕನಿಗೆ ಬೇಕಾದದ್ದೇ ಬಹಳಷ್ಟು ಜನರಿಗೂ ಬೇಕು, ಮತ್ತು ಅದು ಹಳೆಯ ಕಾಲಕ್ಕೆ ವಾಪಸು ಹೋಗುವುದಲ್ಲ. ಹಳೆಯ ಕಾಲದಲ್ಲೂ ಕೋಡಿನ ಏಟು ತಿಂದವರಿದ್ದರು, ಆಗ ಆ್ಯಂಬುಲೆನ್ಸೂ ಇರಲಿಲ್ಲ. ಜನರಿಗೆ ಬೇಕಾದದ್ದು ಇಷ್ಟು: ಬರುತ್ತಿರುವ ಹೋರಿ ಯಾವ ಊರಿನದು, ಯಾರ ಮನೆಯದು, ಯಾರು ಮೇಯಿಸಿದ್ದು ಎಂದು ಗೊತ್ತಾಗಬೇಕು. ಅದು ಓಡುವುದು ಕಾಣಬೇಕು, ಕೇಳಬೇಕು. ಪೀಪಿ ಇರಲಿ, ಆದರೆ ಕೋಡು ಯಾವುದು ಬಲೂನು ಯಾವುದು ಎಂದು ತಿಳಿಯುವಷ್ಟಿರಲಿ. ಹೆಣ್ಣುಮಕ್ಕಳು ಮಾಳಿಗೆ ಹತ್ತದೆ ನೆಲದ ಮೇಲೆಯೇ ನಿಂತು ನೋಡಲು ಗಟ್ಟಿ ಬೇಲಿ ಬೇಕು. ಬಂದವರೆಲ್ಲ ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಹೋಗಬೇಕು. ಹೋರಿಯೂ ಸಹ.

ಹುಡುಗರನ್ನು ಕೇಳಿದರೆ ಅವರೂ ಡಿಜೆಯನ್ನೇ ಮೊದಲು ಹೇಳುವುದಿಲ್ಲ, ಪಕ್ಕದೂರಿನ ಹೋರಿಯ ಜೊತೆಗಿನ ಜಿದ್ದನ್ನು ಹೇಳುತ್ತಾರೆ. ಆ ಜಿದ್ದು ಹಬ್ಬದ ಜೀವಾಳ. ಅದನ್ನು ಬೆಳೆಸಲು ಲಕ್ಷ ರೂಪಾಯಿ ಬೇಡ, ಎರಡೂ ಹೋರಿಗಳ ಕತೆ ಗೊತ್ತಿರುವ ಒಬ್ಬ ಮೈಕಿನವ ಸಾಕು.

ವಾರಂಟಿ

ಈ ಕೈಪಿಡಿಯಂತೆ ನಡೆಸಿದ ಹಬ್ಬಕ್ಕೆ ವಾರಂಟಿ ಇಲ್ಲ. ಇನ್ನೊಂದು ಬಗೆಯಲ್ಲಿ ನಡೆಸುವ ಮನಸ್ಸಿದ್ದರೆ ಕಮಿಟಿಯವರಲ್ಲಿ ವಿನಂತಿ: ಮುಂದಿನ ಪಾಡ್ಯಕ್ಕೆ ಡಿಜೆಗೆ ಮುಂಗಡ ಕೊಡುವ ಮೊದಲು ಬೇಲಿಯ ಗಳ, ಹೋರಿಗಳಿಗೆ ನೆರಳು ಮತ್ತು ನೀರಿನ ತೊಟ್ಟಿ, ಒಬ್ಬ ಪಶುವೈದ್ಯ, ಒಂದು ಆ್ಯಂಬುಲೆನ್ಸ್, ಇವಿಷ್ಟಕ್ಕೆ ದುಡ್ಡು ತೆಗೆದಿಡಿ. ಉಳಿದದ್ದರಲ್ಲಿ ಹುಡುಗರಿಗೆ ಹಂಚಲು ಕೊಬ್ಬರಿ ಕೊಳ್ಳಿ. ಅದಾದ ಮೇಲೂ ಹಣ ಉಳಿದರೆ ಡಿಜೆ ತರಿಸಿ, ಬೇಡ ಅನ್ನುವುದಿಲ್ಲ. ಹೋರಿ ಓಣಿಗಿಳಿದಾಗ ಮಾತ್ರ ಬಂದ್ ಮಾಡಿಸಿ.